ಮ್ಯಾಟ್ರಿಕ್ಸ್ ನಾಲ್ಕನೆಯ ಭಾಗ ಕಣ್ಣು ತುಂಬಿಸಿತು, ಆದರೆ ಮನಸ್ಸು ತುಂಬಲಿಲ್ಲ, ಏಕೆ?

ಬಿಜೈ ವಾಸಿ, ಮಂಗಳೂರು:

ಕಾಲೇಜಿನ ದಿನಗಳಲ್ಲಿ ಹಂಪನಕಟ್ಟೆಯ ಅಂಗಡಿಯೊಂದರಿಂದ ಬಾಡಿಗೆಗೆ ತಂದ ಸೀಡಿಯಲ್ಲಿ, ಗೆಳೆಯನ ಮನೆಯ ಸಣ್ಣ ಟೀವಿಯ ಮುಂದೆ ಕುಳಿತು ನಾವು ಬದುಕುವ ಲೋಕವೇ ಕಂಪ್ಯೂಟರ್ ಕಟ್ಟಿದ ಭ್ರಮೆ ಎನ್ನುವ 1999ರ ಇಂಗ್ಲಿಷ್ ಚಿತ್ರ 'ದಿ ಮ್ಯಾಟ್ರಿಕ್ಸ್' ನೋಡಿದವನು ನಾನು. ಎರಡನೆಯ ಸೀಡಿ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು; ಅದು ಬರುವ ತನಕ ನಾವು ಮೂವರು ಮೇಣದಬತ್ತಿಯ ಸುತ್ತ ಕುಳಿತು, ಕಣ್ಣಿಗೆ ಕಾಣುವುದೆಲ್ಲ ನಿಜವೇ ಎಂದು ಗಂಭೀರವಾಗಿ ವಾದ ಮಾಡಿದ್ದೆವು. 2003ರಲ್ಲಿ ಒಂದೇ ವರ್ಷದಲ್ಲಿ ಬಂದ ಎರಡು ಭಾಗಗಳು ಆ ಎತ್ತರಕ್ಕೆ ಏರದಿದ್ದರೂ ನಾನು ಅವುಗಳ ಪರವಾಗಿಯೇ ಮಾತನಾಡುತ್ತಾ ಬಂದೆ.

2021ರ ಡಿಸೆಂಬರಿನಲ್ಲಿ ನಾಲ್ಕನೆಯ ಭಾಗ 'ರೆಸರೆಕ್ಷನ್ಸ್' ಬಿಡುಗಡೆಯಾದಾಗ ಮೊದಲ ವಾರವೇ ಚಿತ್ರಮಂದಿರಕ್ಕೆ ಹೋಗಿದ್ದೆ, ಕಳೆದ ವಾರ ಮನೆಯಲ್ಲಿ ಇನ್ನೊಮ್ಮೆ ನೋಡಿದೆ. ಹಿಂದಿನ ಭಾಗಗಳ ಪ್ರೇಮಿಗಳಾದ ನಾಯಕ ನಿಯೋ ಮತ್ತು ನಾಯಕಿ ಟ್ರಿನಿಟಿ ಕಾಫಿ ಅಂಗಡಿಯಲ್ಲಿ ಪರಸ್ಪರ ಗುರುತು ಸಿಗದೆ ಕೈಕುಲುಕುವ ದೃಶ್ಯ ನನ್ನನ್ನು ಎರಡೂ ಸಲ ಕರಗಿಸಿತು. ಕೈ ಬಿಡಬೇಕಾದ ಹೊತ್ತು ಮೀರಿದರೂ ಬಿಡಲಾಗದ, ಏಕೆಂದು ಇಬ್ಬರಿಗೂ ತಿಳಿಯದ ಆ ಒಂದು ಕ್ಷಣಕ್ಕಾಗಿ ಟಿಕೆಟಿನ ಹಣ ಕೊಡಬಹುದು. ಆದರೆ ರೈಲಿನೊಳಗಿನ ಹೊಡೆದಾಟದಲ್ಲಿ ಯಾರು ಯಾರನ್ನು ಎಲ್ಲಿಂದ ಹೊಡೆದರೆಂಬುದೇ ಕಣ್ಣಿಗೆ ಹತ್ತಲಿಲ್ಲ. ಇದು ಚಿತ್ರದ ದೋಷವೇ, ಅಥವಾ ನಲವತ್ತು ದಾಟಿದ ನನ್ನ ಕಣ್ಣು ಆ ಹಳೆಯ ಸೀಡಿಯನ್ನೇ ಹುಡುಕುತ್ತಿದೆಯೇ? ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ಮಣಿಪಾಲದ ಪ್ರೇಕ್ಷಕ:

ನಿಮ್ಮ ಕಣ್ಣಿನಲ್ಲಿ ದೋಷವಿಲ್ಲ. ಮೊದಲ ಚಿತ್ರಕ್ಕಾಗಿ ಹಾಂಕಾಂಗಿನ ಸಾಹಸ ನಿರ್ದೇಶಕ ಯುವೆನ್ ವೂ-ಪಿಂಗ್ ನಟರಿಗೆ ಸುಮಾರು ನಾಲ್ಕು ತಿಂಗಳು ಅಭ್ಯಾಸ ಮಾಡಿಸಿದ್ದರು. ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನಗಳಾಗಿರದ, ನಿಯೋ ಪಾತ್ರದ ಕಿಯಾನು ರೀವ್ಸ್ ಆರಂಭದಲ್ಲಿ ಕಾಲೆತ್ತಿ ಒದೆಯುವಂತಿರಲಿಲ್ಲ, ಆದ್ದರಿಂದ ಕೈಯ ಕೆಲಸಕ್ಕೇ ಹೆಚ್ಚು ಒತ್ತು ಬಿತ್ತು. ನಿಯೋನ ಗುರು ಮಾರ್ಫಿಯಸ್ ಜೊತೆಗಿನ ಅಭ್ಯಾಸದ ಕಾಳಗವನ್ನು ಈಗ ಹಾಕಿ ನೋಡಿ: ಕ್ಯಾಮೆರಾ ದೂರ ನಿಲ್ಲುತ್ತದೆ, ಇಬ್ಬರ ದೇಹವೂ ತಲೆಯಿಂದ ಪಾದದವರೆಗೆ ಕಾಣುತ್ತದೆ, ಒಂದು ಏಟು ಮುಗಿದ ಮೇಲೆಯೇ ಕತ್ತರಿ ಬೀಳುತ್ತದೆ.

ನಾಲ್ಕನೆಯ ಭಾಗದಲ್ಲಿ ಯುವೆನ್ ಇಲ್ಲ, ಮೊದಲ ಮೂರಕ್ಕೂ ಛಾಯಾಗ್ರಾಹಕರಾಗಿದ್ದ ಬಿಲ್ ಪೋಪ್ ಕೂಡ ಇಲ್ಲ. ಕ್ಯಾಮೆರಾ ಮೈಮೇಲೆ ಬಿದ್ದಂತೆ ಹತ್ತಿರಕ್ಕೆ ಬರುತ್ತದೆ, ಏಟು ತಾಗುವ ಮೊದಲೇ ಚಿತ್ರಿಕೆ ಬದಲಾಗುತ್ತದೆ. ನಿಯೋ ಬಹುಪಾಲು ಅಂಗೈ ಚಾಚಿ ಅದೃಶ್ಯ ಶಕ್ತಿಯಿಂದ ಎದುರಾಳಿಗಳನ್ನು ತಳ್ಳುವುದಷ್ಟೇ. ನನಗೆ ಹೆಚ್ಚು ನೋವು ತಂದದ್ದು ಇನ್ನೊಂದು ಸಂಗತಿ. ಟ್ರಿನಿಟಿಯ ಗಂಡನ ಸಣ್ಣ ಪಾತ್ರದಲ್ಲಿರುವವರು ಚಾಡ್ ಸ್ಟಹೆಲ್ಸ್ಕಿ. ಮೊದಲ ಚಿತ್ರದಲ್ಲಿ ರೀವ್ಸ್ ಅವರಿಗೆ ಡೂಪ್ ಆಗಿದ್ದವರು, ಮುಂದೆ ಸ್ವತಃ ಸಾಹಸ ಚಿತ್ರಗಳ ಹೆಸರಾಂತ ನಿರ್ದೇಶಕರಾದವರು. ಕಾಳಗ ಕಟ್ಟಬಲ್ಲ ಅಂಥ ವ್ಯಕ್ತಿ ಪರದೆಯ ಮೇಲೆ ಸುಮ್ಮನೆ ನಿಂತಿರುವುದನ್ನು ಕಂಡಾಗ ನಿಜವಾಗಿಯೂ ಹೊಟ್ಟೆ ಉರಿಯಿತು.

ಬಡಗುತಿಟ್ಟು, ಬ್ರಹ್ಮಾವರ:

ಮಾರ್ಫಿಯಸ್ ಪಾತ್ರದಲ್ಲಿ ಲಾರೆನ್ಸ್ ಫಿಶ್‌ಬರ್ನ್ ಅವರ ಜಾಗಕ್ಕೆ ಯಾಹ್ಯಾ ಅಬ್ದುಲ್-ಮತೀನ್ ಬಂದರೆಂಬ ಕಾರಣಕ್ಕೇ ಚಿತ್ರವನ್ನು ತಳ್ಳಿಹಾಕಿದವರನ್ನು ಕಂಡಿದ್ದೇನೆ. ಯಕ್ಷಗಾನ ನೋಡಿ ಬೆಳೆದ ನನಗೆ ಈ ಆಕ್ಷೇಪ ಒಪ್ಪಿಗೆಯಾಗುವುದಿಲ್ಲ. ಒಂದೇ ಪ್ರಸಂಗದ ಕರ್ಣನನ್ನು ಇಂದು ಒಬ್ಬರು ಮಾಡುತ್ತಾರೆ, ಮುಂದಿನ ವಾರ ಇನ್ನೊಬ್ಬರು. ಹಿಂದಿನವರ ಕರ್ಣ ಮನಸ್ಸಿನಲ್ಲಿದ್ದರೂ ಹೊಸಬರ ಕುಣಿತಕ್ಕೂ ಅರ್ಥಗಾರಿಕೆಗೂ ನಾವು ಜಾಗ ಬಿಟ್ಟುಕೊಡುತ್ತೇವೆ. ಆದರೆ ಹೊಸ ವೇಷಧಾರಿ ರಂಗಸ್ಥಳದಲ್ಲಿರುವಾಗಲೇ ಹಿಂದಿನವರ ವೀಡಿಯೊವನ್ನು ಬೆನ್ನ ಹಿಂದೆ ಓಡಿಸಿದರೆ ಅವರ ಗತಿಯೇನು?

ಈ ಚಿತ್ರ ಮಾಡಿದ್ದು ಅಕ್ಷರಶಃ ಅದನ್ನೇ. ಹೊಸ ಮಾರ್ಫಿಯಸ್, ಭ್ರಮೆಯಿಂದ ಎಚ್ಚರಗೊಳಿಸುವ ಮಾತ್ರೆಯನ್ನು ನಿಯೋಗೆ ನೀಡುವ ಸನ್ನಿವೇಶದಲ್ಲಿ ಹರಿದ ಪರದೆಯ ಮೇಲೆ ಹಳೆಯ ಚಿತ್ರದ ಅದೇ ದೃಶ್ಯ ಮೂಡುತ್ತದೆ. ಆ ನಟ ಅಷ್ಟು ಚೈತನ್ಯದಿಂದ ನಟಿಸುತ್ತಿದ್ದರೂ ನಮ್ಮ ಕಣ್ಣು ಅವರನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಹಳೆಯ ತುಣುಕುಗಳು ಚಿತ್ರದುದ್ದಕ್ಕೂ ಹೀಗೆಯೇ ನುಗ್ಗುತ್ತವೆ. ಬಿಜೈಯವರೇ, ಹಳೆಯ ಸೀಡಿಯನ್ನು ಹುಡುಕಿದ್ದು ನೀವಲ್ಲ, ಚಿತ್ರವೇ ಅದನ್ನು ನಿಮ್ಮ ಕೈಗಿಡುತ್ತಿತ್ತು.

ಮಲ್ಪೆಯ ಓದುಗಿ:

ನಿಮ್ಮ ಮಾತು ಸರಿಯಾಗಿದ್ದರೂ, ಈ ಚಿತ್ರ ಹುಟ್ಟಿದ ಬಗೆಯನ್ನು ಮರೆಯಬಾರದೆಂದು ಕೇಳಿಕೊಳ್ಳುತ್ತೇನೆ. ಮೊದಲ ಮೂರೂ ಭಾಗಗಳನ್ನು ಒಟ್ಟಿಗೆ ನಿರ್ದೇಶಿಸಿದ್ದ ಸಹೋದರಿ ಲಿಲಿ ಜೊತೆಯಲ್ಲಿಲ್ಲದೆ ಲಾನಾ ವಚೌಸ್ಕಿ ಒಬ್ಬರೇ ಇದನ್ನು ನಿರ್ದೇಶಿಸಿದರು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ದುಃಖದಲ್ಲಿದ್ದಾಗ ಈ ಕಥೆ ಹೊಳೆಯಿತೆಂದು, ಹೋದವರನ್ನು ಮರಳಿ ತರಲಾಗದಿದ್ದರೂ ಮೂರನೆಯ ಭಾಗದಲ್ಲಿ ಸತ್ತಿದ್ದ ನಿಯೋ ಮತ್ತು ಟ್ರಿನಿಟಿಯನ್ನು ತರಬಹುದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ನನ್ನ ಅಮ್ಮ ತೀರಿಕೊಂಡ ವರ್ಷವೇ ನಾನು ಈ ಚಿತ್ರ ನೋಡಿದ್ದು, ಆದ್ದರಿಂದ ನನ್ನ ತೀರ್ಪು ಪೂರ್ತಿ ನಿಷ್ಪಕ್ಷಪಾತವಲ್ಲ.

ಕೊನೆಯಲ್ಲಿ ಇಬ್ಬರೂ ಕೈಹಿಡಿದು ಕಟ್ಟಡದಿಂದ ಜಿಗಿಯುವ ದೃಶ್ಯ ಬರೀ ಗ್ರಾಫಿಕ್ಸ್ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಲವತ್ತಕ್ಕೂ ಹೆಚ್ಚು ಅಂತಸ್ತಿನ ಕಟ್ಟಡದ ಮೇಲಿಂದ, ಸೊಂಟಕ್ಕೆ ತಂತಿ ಬಿಗಿದು, ಮುಂಜಾನೆಯ ನಿಜವಾದ ಬೆಳಕಿಗಾಗಿ ರೀವ್ಸ್ ಮತ್ತು ಟ್ರಿನಿಟಿ ಪಾತ್ರದ ಕ್ಯಾರಿ-ಆನ್ ಮಾಸ್ ಮತ್ತೆ ಮತ್ತೆ ತಾವೇ ಜಿಗಿದರು. ಆಮೇಲೆ ಗಾಳಿಯಲ್ಲಿ ನಿಲ್ಲಬಲ್ಲವಳು ಟ್ರಿನಿಟಿ, ಅವಳ ಕೈ ಹಿಡಿದು ತೂಗುವವನು ನಿಯೋ.

ಬಿಜೈ ವಾಸಿ, ಮಂಗಳೂರು:

ಎಲ್ಲರಿಗೂ ಧನ್ಯವಾದಗಳು. ಮಲ್ಪೆಯವರೇ, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಆ ಜಿಗಿತವನ್ನು ಧ್ವನಿ ತಗ್ಗಿಸಿ ಮತ್ತೆ ನೋಡಿದೆ. ಕಾಫಿ ಅಂಗಡಿಯಲ್ಲಿ ಬಿಡಲಾಗದೆ ಬಿಟ್ಟ ಕೈಯೇ ಅಲ್ಲಿ ಮತ್ತೆ ಸಿಕ್ಕಿದೆ ಎಂಬುದು ಎರಡು ಸಲ ನೋಡಿದರೂ ನನ್ನ ಗಮನಕ್ಕೆ ಬಂದಿರಲಿಲ್ಲ. ರೈಲಿನ ಕಾಳಗವನ್ನು ನಾನು ಈಗಲೂ ಕ್ಷಮಿಸಿಲ್ಲ.