ನೀರಿನ ಮೇಲಿನ ಸೂರ್ಯಾಸ್ತ: ಕಣ್ಣಿಗೆ ಕಂಡ ಬಣ್ಣ ಚಿತ್ರದಲ್ಲಿ ಏಕಿಲ್ಲ?

ಪ್ರಶ್ನೆ (ಮಾಟುಂಗಾದ ಸದಸ್ಯರೊಬ್ಬರಿಂದ): ಸರ್, ನಮಸ್ಕಾರ. ಕಳೆದ ಭಾನುವಾರ ಸಂಜೆ ಮುಂಬೈಯ ದಾದರ್ ಚೌಪಾಟಿಯಲ್ಲಿ ನಿಂತು, ಬಾಂದ್ರಾ–ವರ್ಲಿ ಸೀ ಲಿಂಕ್ ಸೇತುವೆಯ ಹಿಂದೆ ಇಳಿಯುತ್ತಿದ್ದ ಸೂರ್ಯನ ಚಿತ್ರ ತೆಗೆದೆ. ಕಣ್ಣಿಗೆ ಸಮುದ್ರವೆಲ್ಲ ಕುಂಕುಮ ಕದಡಿದಂತೆ ಕಂಡಿತ್ತು. ಮನೆಗೆ ಬಂದು ನೋಡಿದರೆ ಸೂರ್ಯನಿದ್ದಲ್ಲಿ ಸುಣ್ಣದ ಕಲೆ, ಆಕಾಶ ಪೇಲವ, ನೀರು ಬೂದಿ. 18–55 ಮಿ.ಮೀ. ಲೆನ್ಸನ್ನು ಅತಿ ಅಗಲವಾದ 18ರಲ್ಲಿಟ್ಟು, ಮರಳಿನ ಮೇಲಿದ್ದ ದೋಣಿಗೆ ಫೋಕಸ್ ಮಾಡಿದ್ದೆ. ಮೀಟರಿಂಗ್ ಸ್ಪಾಟ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು), ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ತಿದ್ದುವುದು) ಆಟೋ. ಚಿತ್ರವನ್ನು ಲಗತ್ತಿಸಿದ್ದೇನೆ, ತಪ್ಪು ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ತಪ್ಪು ದೋಣಿಯಲ್ಲಿದೆ. ಕ್ಯಾಮೆರಾದ ಮೀಟರಿಗೆ ತಾನು ಅಳೆಯುತ್ತಿರುವ ವಸ್ತು ಕಪ್ಪೋ ಬಿಳುಪೋ ಎಂಬುದು ತಿಳಿಯುವುದಿಲ್ಲ. ಎದುರಿಗೆ ಏನಿದ್ದರೂ ಅದನ್ನು ನಡುವಣ ಬೂದುಬಣ್ಣಕ್ಕೆ ತರಲು ಅದು ಹೆಣಗುತ್ತದೆ. ನೀವು ಕಪ್ಪು ಬಳಿದ, ಅದೂ ನೆರಳಿನ ಬದಿಯಲ್ಲಿದ್ದ ದೋಣಿಯ ಮೇಲೆ ಸ್ಪಾಟ್ ಇಟ್ಟಿದ್ದರಿಂದ, ಆ ದೋಣಿಯನ್ನು ಬೆಳಗಿಸುವುದಕ್ಕಾಗಿ ಆಕಾಶವನ್ನೆಲ್ಲ ಬಲಿ ಕೊಟ್ಟಂತಾಯಿತು. ಉಳಿದಿದ್ದ ಅಲ್ಪಸ್ವಲ್ಪ ಕೆಂಪನ್ನು ಆಟೋ ವೈಟ್ ಬ್ಯಾಲೆನ್ಸ್ ದೋಷವೆಂದು ತಿಳಿದು ತಿದ್ದಿಹಾಕಿತು. ಅದನ್ನು ಡೇಲೈಟ್‌ಗೆ ಇಟ್ಟುಬಿಡಿ, ಬಣ್ಣ ಅರ್ಧ ಮರಳಿ ಬರುತ್ತದೆ.

ಮುಂದಿನ ಸಲ ಮ್ಯಾನುಯಲ್ ಮೋಡಿನಲ್ಲಿ, ಸೂರ್ಯ ಚೌಕಟ್ಟಿನಿಂದ ಪೂರ್ತಿ ಹೊರಗುಳಿಯುವಂತೆ ಅದರ ಪಕ್ಕದ ಆಕಾಶಕ್ಕೆ ಕ್ಯಾಮೆರಾ ತಿರುಗಿಸಿ ಅಳತೆ ತೆಗೆದುಕೊಳ್ಳಿ. ಆ ಅಂಕೆಗಳನ್ನು ಬದಲಿಸದೆ ಮತ್ತೆ ಸೇತುವೆಯ ಕಡೆಗೆ ತಿರುಗಿ ಒಂದು ಚಿತ್ರ ತೆಗೆದು ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡಿ. ಇಲ್ಲಿ ಒಂದು ಸೂಕ್ಷ್ಮವಿದೆ. ಸೂರ್ಯಾಸ್ತದಲ್ಲಿ ಮೊದಲು ತುಂಬಿ ಹರಿಯುವುದು ಕೆಂಪು ಚಾನೆಲ್, ಅಂದರೆ ಕೆಂಪು, ಹಸಿರು, ನೀಲಿಗಳಲ್ಲಿ ಕೆಂಪಿನ ಪಾಲು. ಒಟ್ಟು ಬೆಳಕಿನ ಗ್ರಾಫ್ ಸರಿಯಾಗಿಯೇ ಕಾಣುತ್ತಿರುವಾಗ ಕೆಂಪು ಮಾತ್ರ ಬಲಗೋಡೆಗೆ ಬಡಿದಿರುತ್ತದೆ, ಆಗ ಕಿತ್ತಳೆಯ ಹತ್ತಾರು ಛಾಯೆಗಳು ಕಲಸಿ ಒಂದೇ ಹಳದಿ ಬಣ್ಣದ ತೇಪೆಯಾಗುತ್ತವೆ. ಆದ್ದರಿಂದ ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಆರಿಸಿ, ಕೆಂಪು ಗೋಡೆಯಿಂದ ಈಚೆಗೆ ಬರುವವರೆಗೆ ಶಟರ್ ವೇಗ ಹೆಚ್ಚಿಸಿ. ಸೂರ್ಯನ ಬಿಂಬ ಬೆಳ್ಳಗಾದರೆ ಆಗಲಿ, ಅದರ ಸುತ್ತಲಿನ ಆಕಾಶ ಉಳಿದರೆ ಸಾಕು. ರಾ ಫೈಲಿನಲ್ಲಿ (ಸೆನ್ಸಾರ್ ಹಿಡಿದ ಮಾಹಿತಿಯನ್ನು ಕುಗ್ಗಿಸದೆ ಉಳಿಸುವ ಕಡತ) ತೆಗೆದಿದ್ದರೆ ಕತ್ತಲನ್ನು ಆಮೇಲೆ ಎತ್ತಬಹುದು; ಸುಟ್ಟುಹೋದ ಬೆಳಕನ್ನು ಮಾತ್ರ ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

ಇನ್ನು ರಚನೆಯ ಮಾತು. ಸೆನ್ಸಾರಿನ ಮೇಲೆ ಬೀಳುವ ಸೂರ್ಯನ ಬಿಂಬದ ಅಗಲ, ಲೆನ್ಸಿನ ಫೋಕಲ್ ಲೆಂಗ್ತನ್ನು ಸುಮಾರು 110ರಿಂದ ಭಾಗಿಸಿದಷ್ಟಿರುತ್ತದೆ. ನಿಮ್ಮ 18 ಮಿ.ಮೀ.ಗೆ ಅದು 0.16 ಮಿ.ಮೀ., ಅಂದರೆ ಒಂದು ಚುಕ್ಕೆ, 200 ಮಿ.ಮೀ. ಲೆನ್ಸಿಗೆ 1.8 ಮಿ.ಮೀ. ಆಗುತ್ತದೆ. ಹಾಗಾಗಿ ಅಗಲ ಲೆನ್ಸಿನಲ್ಲಿ ಸೂರ್ಯನನ್ನೇ ನಾಯಕನನ್ನಾಗಿಸಿ ನಟ್ಟನಡುವೆ ಕೂರಿಸುವುದರಲ್ಲಿ ಅರ್ಥವಿಲ್ಲ. ನನ್ನ ಮಟ್ಟಿಗೆ ಅಂಥ ಚಿತ್ರದಲ್ಲಿ ವಸ್ತು ನೀರೇ. ನೀರಿನ ಮೇಲಿನ ಬೆಳಕಿನ ಪಟ್ಟಿ ಯಾವಾಗಲೂ ನೋಡುವವರ ಕಾಲಬುಡಕ್ಕೇ ಬಂದು ಮುಟ್ಟುತ್ತದೆ, ನೀವು ಪಕ್ಕಕ್ಕೆ ಸರಿದರೆ ಅದೂ ಜೊತೆಗೆ ಸರಿಯುತ್ತದೆ. ದೋಣಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ನಾಲ್ಕು ಹೆಜ್ಜೆ ಆಚೀಚೆ ನಡೆದರೆ ದೋಣಿ ಆ ಪಟ್ಟಿಯೊಳಗೆ ಬಂದು ಕೂರುವ ಜಾಗವೊಂದು ಸಿಕ್ಕೇ ಸಿಗುತ್ತದೆ. ನಿಮ್ಮ ಚಿತ್ರದಲ್ಲಿ ದೋಣಿಯ ಮೂತಿ ಸೇತುವೆಯ ಗೆರೆಗೆ ತಾಗಿ ಎರಡೂ ಒಂದೇ ಕಪ್ಪು ಮುದ್ದೆಯಾಗಿವೆ. ಕ್ಯಾಮೆರಾವನ್ನು ಒಂದಡಿ ಮೇಲೆತ್ತಿದ್ದರೆ ನಡುವೆ ಹೊಳೆಯುವ ನೀರಿನ ಎಳೆಯೊಂದು ಸಿಕ್ಕಿ ಎರಡೂ ಬಿಡಿಬಿಡಿಯಾಗುತ್ತಿದ್ದವು.

ಪ್ರಶ್ನೆ (ಅವರಿಂದಲೇ): ಧನ್ಯವಾದಗಳು ಸರ್. ಮೇಲರ್ಧ ಕಪ್ಪಾಗಿರುವ ಗ್ರಾಜುಯೇಟೆಡ್ ಎನ್‌ಡಿ ಫಿಲ್ಟರ್ (ಬಣ್ಣ ಕೆಡಿಸದೆ ಬೆಳಕು ತಗ್ಗಿಸುವ ಗಾಜು) ಕೊಳ್ಳುವುದು ಒಳ್ಳೆಯದೇ?

ಉತ್ತರ: ಈ ಜಾಗಕ್ಕೆ ಬೇಡ. ಬರಿಯ ದಿಗಂತವಿರುವ ಜುಹುವಿನಲ್ಲೋ ಗೋವಾದ ಕಲಂಗುಟ್‌ನಲ್ಲೋ ಅದು ಚೆನ್ನಾಗಿ ಒದಗುತ್ತದೆ, ಆದರೆ ಇಲ್ಲಿ ಸೇತುವೆಯ ಗೋಪುರಗಳು ದಿಗಂತದಿಂದ ಮೇಲೆದ್ದಿರುವುದರಿಂದ ಆಕಾಶದ ಜೊತೆಗೆ ಅವುಗಳ ತಲೆಯೂ ಕಪ್ಪಾಗುತ್ತದೆ. ಆಕಾಶಕ್ಕೊಂದು, ನೀರಿಗೊಂದು ಎಕ್ಸ್‌ಪೋಷರ್ ತೆಗೆದು ಆಮೇಲೆ ಸೇರಿಸಿ. ಸೇರಿಸುವಾಗ ನೀರನ್ನು ಆಕಾಶಕ್ಕಿಂತ ಪ್ರಕಾಶಮಾನವಾಗಿಸಬೇಡಿ. ಪ್ರತಿಬಿಂಬವು ಮೂಲಕ್ಕಿಂತ ಒಂದು ಸ್ಟಾಪಿನಷ್ಟಾದರೂ (ಅಂದರೆ ಅರ್ಧದಷ್ಟು ಬೆಳಕಿಗೆ) ಮಂಕಾಗಿದ್ದರೆ ಮಾತ್ರ ಕಣ್ಣು ಅದನ್ನು ನಂಬುತ್ತದೆ. ದುಡ್ಡು ಹಾಕಲೇಬೇಕೆಂದಿದ್ದರೆ ಇಡಿಯಾಗಿ ಕಪ್ಪಾಗಿರುವ 6 ಸ್ಟಾಪಿನ ಎನ್‌ಡಿ ಕೊಳ್ಳಿ. ಅದು ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವುದರಿಂದ 1/15 ಸೆಕೆಂಡಿನ ಶಟರ್ ಸುಮಾರು 4 ಸೆಕೆಂಡ್ ಆಗುತ್ತದೆ, ಅಲೆಗಳು ರೇಷ್ಮೆಯಂತಾಗುತ್ತವೆ. ನನಗೆ ಹೆಚ್ಚು ಹಿಡಿಸುವುದು ಅರ್ಧ ಸೆಕೆಂಡಿನ ಆಸುಪಾಸು: ಹಿಂದೆ ಸರಿಯುವ ಅಲೆ ಮರಳಿನ ಮೇಲೆ ಬಿಟ್ಟುಹೋಗುವ ನೊರೆಯ ಗೆರೆಗಳು ಆಗಷ್ಟೇ ಬೀಳುತ್ತವೆ.

ಪ್ರಶ್ನೆ (ಡೊಂಬಿವಲಿಯ ಸದಸ್ಯೆಯೊಬ್ಬರಿಂದ): ಅಣ್ಣಾ, ನನ್ನ ಬಳಿ ಇರುವುದು ಫೋನ್ ಮಾತ್ರ. ಅಷ್ಟು ದೂರದಿಂದ ರೈಲಿನಲ್ಲಿ ಬರುವವಳು ಯಾವ ದಿನ ಬಂದರೆ ಒಳ್ಳೆಯದು?

ಉತ್ತರ: ಫೋನಿನ ವಿಷಯ ಸುಲಭ, ತಂಗಿ. ಲೆನ್ಸಿನ ಮೇಲಿನ ಬೆರಳಿನ ಎಣ್ಣೆ ಒರೆಸಿ, ಸೂರ್ಯನ ಪಕ್ಕದ ಆಕಾಶವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ.

ದಿನವನ್ನು ಪಂಚಾಂಗ ನೋಡಿ ಆರಿಸಿ, ತಮಾಷೆಗೆ ಹೇಳುತ್ತಿಲ್ಲ. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ದೊಡ್ಡ ಉಬ್ಬರ ಬರುವುದು ಮಧ್ಯಾಹ್ನ 12ರಿಂದ 1 ಗಂಟೆಯ ಸುಮಾರಿಗೆ. ಅದಾಗಿ ಆರು ಗಂಟೆಗೆ, ಸರಿಯಾಗಿ ಸೂರ್ಯ ಮುಳುಗುವ ಹೊತ್ತಿಗೆ, ನೀರು ಬಹುದೂರ ಇಳಿದು ಒದ್ದೆ ಮರಳು ಕನ್ನಡಿಯಾಗಿರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಾ ಅಷ್ಟಮಿಯ ಹೊತ್ತಿಗೆ ಎಲ್ಲ ತಿರುಗುಮುರುಗಾಗಿ, ಸಂಜೆ ನೀರು ತುಂಬಿ ನಿಲ್ಲಲು ಮರಳೇ ಉಳಿಯದು. ಸೂರ್ಯ ಇಳಿಯುವ ಜಾಗವೂ ವರ್ಷದಲ್ಲಿ ಸುಮಾರು 50 ಡಿಗ್ರಿಯಷ್ಟು ಓಲಾಡುತ್ತದೆ: ಡಿಸೆಂಬರಿನಲ್ಲಿ ಎಡಕ್ಕೆ, ವರ್ಲಿಯ ಕಡೆ, ಜೂನಿನಲ್ಲಿ ಬಲಕ್ಕೆ, ಬಾಂದ್ರಾದ ಕಡೆ. ಬಿಂಬ ದಿಗಂತ ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡೂಕಾಲು ನಿಮಿಷವೇ ಬೇಕು, ಅಷ್ಟರಲ್ಲಿ ಜನ ಭೇಲ್‌ಪುರಿಯ ಕಡೆ ತಿರುಗಿರುತ್ತಾರೆ. ನೀವು ಇನ್ನೊಂದು 20 ನಿಮಿಷ ನಿಲ್ಲಿ. ಮೋಡಗಳ ಹೊಟ್ಟೆಗೆ ಕೆಂಪು ಹತ್ತುವುದು, ಸೇತುವೆಯ ದೀಪ ಹೊತ್ತಿ ಆಕಾಶದ ನೀಲಿಗೆ ಸಮತೂಗುವುದು ಆಗಲೇ.

ಟ್ರೈಪಾಡ್ ತರುವವರಿಗೂ ಒಂದು ಮಾತು: ಕಾಲುಗಳನ್ನು ಮರಳಿನೊಳಕ್ಕೆ ಒತ್ತಿ ಊರಿ, ಇಲ್ಲವಾದರೆ ಪ್ರತಿ ಅಲೆಗೂ ಅವು ಕೂದಲೆಳೆಯಷ್ಟು ಕುಸಿದು ಚಿತ್ರ ಕದಡುತ್ತದೆ. ಮನೆಗೆ ಹೋದ ರಾತ್ರಿಯೇ ಸಿಹಿನೀರಿನಲ್ಲಿ ತೊಳೆದಿಡಿ. ನನ್ನ ಮೊದಲ ಟ್ರೈಪಾಡನ್ನು ನಾಳೆ ತೊಳೆದರಾಯಿತೆಂದು ಮೂಲೆಗೆ ಒರಗಿಸುತ್ತಿದ್ದೆ. ಒಂದೇ ವರ್ಷದಲ್ಲಿ ಅದರ ಕೀಲುಗಳು ಉಪ್ಪು ಕಚ್ಚಿ ಬಿಗಿದುಕೊಂಡವು, ಈಗ ಅದು ಬಾಲ್ಕನಿಯಲ್ಲಿ ತುಳಸಿಯ ಕುಂಡ ಹೊತ್ತು ನಿಂತಿದೆ.