ಎನಿಡ್‌ನಲ್ಲಿ ಕ್ರ್ಯಾಪಿ ಟ್ರೋಲಿಂಗ್: ಹಿಂದಿನ ರಾಡ್‌ಗೆ ಮೀನು, ಮುಂದಿನದಕ್ಕೆ ಬರೀ ಮರದ ಬೊಡ್ಡೆ

ಬೊಡ್ಡೆಸಾಲು:
ಅಮೆರಿಕದ ಮಿಸ್ಸಿಸಿಪ್ಪಿಯ ಎನಿಡ್ ಜಲಾಶಯ, ಆಗಸ್ಟ್ ತಿಂಗಳು. ಕ್ರ್ಯಾಪಿ ಎಂಬ ಸಿಹಿನೀರಿನ ಮೀನಿಗಾಗಿ ಟ್ರೋಲಿಂಗ್, ಅಂದರೆ ಸಾಗುವ ಬೋಟಿನಿಂದ ಗಾಳ ಎಳೆಯುವುದು. 18 ಅಡಿಯ ಅಲ್ಯೂಮಿನಿಯಂ ಬೋಟ್, ಮೂತಿಯಲ್ಲಿ ಜಿಪಿಎಸ್ ಇರುವ ಎಲೆಕ್ಟ್ರಿಕ್ ಮೋಟಾರ್. ಇಬ್ಬರಿಗೆ ಎಂಟು ರಾಡ್. ನೀರು 19–20 ಅಡಿ ಆಳ. ಸೋನಾರ್‌ನಲ್ಲಿ ಮೀನು ಕಾಣುವುದು 12ರಿಂದ 14 ಅಡಿಯಲ್ಲಿ. ವೇಗ ಗಂಟೆಗೆ 1.8 ಮೈಲಿ.

ಮುಂದೆ ನಾಲ್ಕು ರಾಡ್: 12 ಅಡಿ ಉದ್ದ, 3 ಔನ್ಸ್ ಸೀಸ, ಸೀಸದಾಚೆ 4 ಅಡಿ ಲೀಡರ್ (ಬೈಟಿಗೆ ಕಟ್ಟುವ ತುಂಡು ಲೈನ್), ತುದಿಗೆ ಬ್ಯಾಂಡಿಟ್ 300 ಕ್ರ್ಯಾಂಕ್‌ಬೈಟ್ (ಎಳೆದಾಗ ತಾನೇ ಕೆಳಗಿಳಿಯುವ ಕೃತಕ ಮೀನು). ನೀರಿನ ಮಟ್ಟದಿಂದ ಸೀಸದವರೆಗೆ 20 ಅಡಿ ಲೈನ್. ಪಕ್ಕಗಳಲ್ಲಿ 14 ಅಡಿಯದ್ದು ಒಂದೊಂದು, ಹಿಂದಿನ ಮೂಲೆಗಳಲ್ಲಿ 8 ಅಡಿಯದ್ದು ಒಂದೊಂದು. ಈ ನಾಲ್ಕಕ್ಕೂ ಸೀಸವಿಲ್ಲ, 10 ಪೌಂಡ್ ಎಳೆತ ತಡೆಯುವ ಮೊನೊ (ಒಂಟಿ ಎಳೆಯ ನೈಲಾನ್ ಲೈನ್), ಅದೇ ಬ್ಯಾಂಡಿಟ್ 300, 100 ಅಡಿ ಲೈನ್.

ಮೂರು ತೊಂದರೆ. ಒಂದು, ಹಿಂದಿನ ರಾಡ್‌ಗಳಿಗೆ ಮೀನು ಬರುತ್ತಿದೆ, ಮುಂದಿನವಕ್ಕೆ ಇಲ್ಲ. ಮುಂದೆ ಕಚ್ಚಿದ್ದೆಲ್ಲ ಮೋಟಾರ್ ನಿಲ್ಲಿಸಿದ ಹೊತ್ತಿನಲ್ಲೇ. ಎರಡು, ಮೀನು ಎಳೆದುಕೊಳ್ಳಲು ಬೋಟ್ ನಿಲ್ಲಿಸಿದರೆ ಮುಂದಿನ ಸೀಸಗಳು ಬೊಡ್ಡೆಗೆ ಸಿಕ್ಕಿಕೊಳ್ಳುತ್ತವೆ. ಮೂರು, ತಿರುವಿನಲ್ಲಿ ಹಿಂದಿನ ಲೈನ್‌ಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ.

ಸೀಸದಗುಂಡು:
ಮೋಟಾರ್ ನಿಲ್ಲಿಸಿದಾಗ ಮಾತ್ರ ಕಚ್ಚುತ್ತದೆ ಎಂದಿರಲ್ಲ, ಉತ್ತರ ಅಲ್ಲೇ ಇದೆ. ನಿಮ್ಮ ಮುಂದಿನ ಬೈಟ್‌ಗಳು ಮೀನಿಗಿಂತ ಮೇಲೆ ಓಡುತ್ತಿವೆ. ನಿಲ್ಲಿಸಿದಾಗ ಸೀಸ ಇಳಿಯುತ್ತದೆ, ಬೈಟ್ ಮೀನಿನ ಮಟ್ಟಕ್ಕೆ ಬರುತ್ತದೆ, ಆಗ ಕಚ್ಚುತ್ತದೆ.

ಒಂದೇ ಕ್ರ್ಯಾಂಕ್‌ಬೈಟ್ ಆದರೂ ಬೋಟಿನ ಮುಂದೆ ಮತ್ತು ಹಿಂದೆ ಅದರ ಆಳವನ್ನು ನಿರ್ಧರಿಸುವುದು ಬೇರೆ ಬೇರೆ ಸಂಗತಿ. ಹಿಂದೆ ಸೀಸವಿಲ್ಲದೆ ಎಳೆಯುವಾಗ ಬೈಟ್ ತನ್ನ ಮೂತಿಯ ಪ್ಲಾಸ್ಟಿಕ್ ತಗಡಿನಿಂದಲೇ ನೀರನ್ನು ಅಗೆದು ಇಳಿಯುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಲೈನಿನ ಉದ್ದ ಮತ್ತು ದಪ್ಪ. ವೇಗ 1.4 ಇರಲಿ 1.9 ಇರಲಿ, ಆಳ ಹೆಚ್ಚೇನೂ ಬದಲಾಗುವುದಿಲ್ಲ. ಮುಂದಿನದು ಹಾಗಲ್ಲ. ಅಲ್ಲಿ ಬೈಟನ್ನು ಕೆಳಗೆ ಹಿಡಿದಿರುವುದು ಸೀಸದ ತೂಕ, ಮೇಲೆತ್ತುವುದು ನೀರಿನ ಒತ್ತಡ. ವೇಗ ಸ್ವಲ್ಪ ಏರಿದರೂ ಲೈನ್ ಹಿಂದಕ್ಕೆ ವಾಲುತ್ತದೆ, ಬೈಟ್ ಮೇಲೇರುತ್ತದೆ.

ಅದಕ್ಕೇ ಮುಂದಿನ ಲೈನಿನ ಕೋನ ನೋಡಿ. ಫೋನಿನಲ್ಲಿರುವ ಕೋನಮಾಪಕ ಸಾಕು. ನೇರ ಕೆಳಗಿನಿಂದ ಲೆಕ್ಕ ಹಾಕಿದರೆ, 20 ಅಡಿ ಲೈನ್ 30 ಡಿಗ್ರಿ ವಾಲಿದಾಗ ಸೀಸ ಸುಮಾರು 17 ಅಡಿಯಲ್ಲಿರುತ್ತದೆ, 45 ಡಿಗ್ರಿಯಲ್ಲಿ 14 ಅಡಿ, 60 ಡಿಗ್ರಿಯಲ್ಲಿ ಬರೀ 10 ಅಡಿ. ನೀರಿನೊಳಗೆ ಲೈನ್ ಸ್ವಲ್ಪ ಬಾಗುವುದರಿಂದ ಇದು ಅಂದಾಜು, ಆದರೆ ಕೆಲಸಕ್ಕೆ ಸಾಲುತ್ತದೆ. 1.8ರ ವೇಗದಲ್ಲಿ ನಿಮ್ಮದು 60ರ ಹತ್ತಿರ ಇರಬೇಕು.

ಮೊದಲು ವೇಗವನ್ನು 1.5ಕ್ಕೆ ಕಟ್ಟಿಹಾಕಿ. ಕೋನ 45ಕ್ಕೆ ಬಂದರೆ 17 ಅಡಿ ಲೈನ್ ಬಿಡಿ, ಸೀಸ 12 ಅಡಿಯಲ್ಲಿರುತ್ತದೆ. ಲೀಡರಿನ ತುದಿಯ ಬೈಟ್ ಅದಕ್ಕಿಂತ ಒಂದಡಿಯಷ್ಟು ಕೆಳಗೆ ಹೋಗಬಹುದು. ಕ್ರ್ಯಾಪಿಯ ಕಣ್ಣು ಮೇಲಕ್ಕೆ ನೋಡುವಂಥದ್ದು, ಮೀನಿನ ತಲೆಯ ಮಟ್ಟದಲ್ಲೋ ತುಸು ಮೇಲೋ ಬೈಟ್ ಹಾಯಬೇಕು, ಹೊಟ್ಟೆಯ ಕೆಳಗಲ್ಲ. ಇನ್ನೊಂದು ಲಾಭ: ಯಾವ ಕಾರಣಕ್ಕೋ ಬೋಟ್ ನಿಂತರೂ 17 ಅಡಿ ಲೈನಿನ ಸೀಸ 19 ಅಡಿಯ ತಳ ಮುಟ್ಟದು. ಈಗಿನ 20 ಅಡಿ ನೇರ ತಳಕ್ಕೇ ಇಳಿಯುತ್ತದೆ, ಬೊಡ್ಡೆಗೆ ಸಿಗುವುದು ಅದರಿಂದಲೇ.

ಮುಖ್ಯ ಲೈನ್ 15–20 ಪೌಂಡ್, ಲೀಡರ್ 10 ಪೌಂಡ್ ಇರಲಿ. ಬೈಟ್ ಸಿಕ್ಕಿಕೊಂಡರೆ ಲೀಡರ್ ಮಾತ್ರ ಹರಿಯುತ್ತದೆ, ಸೀಸ ಉಳಿಯುತ್ತದೆ. ಸೀಸಕ್ಕೆ ಎರಡೂ ಕಡೆ ಸ್ವಿವೆಲ್ (ಲೈನ್ ಹುರಿಗೊಳ್ಳದಂತೆ ತಿರುಗುವ ಕೊಂಡಿ) ಬೇಕು. ಬೈಟಿನ ಕಡೆ ದುಂಡಗಿನ ಸಣ್ಣ ಸ್ನ್ಯಾಪ್ (ತೆರೆದು ಮುಚ್ಚುವ ಕೊಂಡಿ) ಮಾತ್ರ ಹಾಕಿ, ಅಲ್ಲಿ ಭಾರದ ಸ್ವಿವೆಲ್ ಬಂದರೆ ಬೈಟಿನ ಅಲುಗಾಟ ಸಾಯುತ್ತದೆ.

ಉದ್ದಕೋಲು:
ಮೀನು ಬಂತೆಂದು ಬೋಟ್ ನಿಲ್ಲಿಸುವುದನ್ನು ಬಿಡಲೇಬೇಕು. ನಿಲ್ಲಿಸಿದ ಕ್ಷಣ ಎರಡು ಅನಾಹುತ ಒಟ್ಟಿಗೆ ಆಗುತ್ತವೆ: ಮುಂದೆ ಸೀಸ ಮುಳುಗುತ್ತದೆ, ಹಿಂದೆ ತೇಲುವ ಜಾತಿಯ ಬ್ಯಾಂಡಿಟ್ ಮೇಲೆದ್ದು ಲೈನ್ ಸಡಿಲವಾಗುತ್ತದೆ. ಅದೇ ವೇಗದಲ್ಲಿ ಹೋಗುತ್ತ ನಿಧಾನವಾಗಿ ರೀಲ್ ಸುತ್ತಿ, ಉದ್ದ ಹಿಡಿಯ ಬಲೆ ಇಟ್ಟುಕೊಳ್ಳಿ.

ತಿರುವಿನ ವಿಷಯಕ್ಕೆ ಬಂದರೆ, ಇದು ಬರೀ ಲೆಕ್ಕ. 14 ಅಡಿ ರಾಡಿನ ತುದಿ ಬೋಟಿನ ನಡುಗೆರೆಯಿಂದ ಸುಮಾರು 18 ಅಡಿ ದೂರ. 1.5ರ ವೇಗದಲ್ಲಿ 60 ಅಡಿ ತ್ರಿಜ್ಯದ ತಿರುವು ತೆಗೆದುಕೊಂಡರೆ ಒಳಬದಿಯ ರಾಡ್ ತುದಿ ಗಂಟೆಗೆ ಒಂದೇ ಮೈಲಿಯಷ್ಟು ಚಲಿಸುತ್ತದೆ, ಹೊರಬದಿಯದು ಎರಡರ ಹತ್ತಿರ. ಒಳಗಿನ ಬೈಟ್ ಮೇಲೇಳುತ್ತದೆ, ಹೊರಗಿನದು ಬಂದು ಅದರ ಲೈನಿನ ಮೇಲೆ ಹಾಯುತ್ತದೆ. ಅದೇ ತ್ರಿಜ್ಯ 150 ಅಡಿ ಆದರೆ 1.3 ಮತ್ತು 1.7, ಗಂಟು ಬೀಳುವ ಸಂಭವ ತೀರಾ ಕಡಿಮೆ. ಜಿಪಿಎಸ್ ಮೋಟಾರಿನಲ್ಲಿ ದಿಕ್ಕನ್ನು ಒಮ್ಮೆಲೇ ಬದಲಿಸಬೇಡಿ. ಐದೈದು ಡಿಗ್ರಿ ತಿರುಗಿಸಿ, ಲೈನ್‌ಗಳು ಹಿಂದೆ ಸರಿಹೋಗಲು ಬಿಡಿ, ಮತ್ತೆ ಐದು. ಹೊರಗಿನ 14 ಅಡಿ ರಾಡಿಗೆ 80 ಅಡಿ, ಮೂಲೆಯ 8 ಅಡಿ ರಾಡಿಗೆ 100 ಅಡಿ ಲೈನ್ ಕೊಟ್ಟರೆ ಹೊರಗಿನ ಬೈಟ್ ತುಸು ಮೇಲೆ ಓಡುತ್ತದೆ, ಅದಕ್ಕೆ ಬಿದ್ದ ಮೀನು ಒಳಗಿನ ಲೈನ್‌ಗಳ ಮೇಲಿಂದ ಬರುತ್ತದೆ.

ಔಟ್‌ಬೋರ್ಡ್ ಎಂಜಿನ್ನನ್ನು ಪೂರ್ತಿ ಎತ್ತದೆ ಅರ್ಧ ನೀರಿನಲ್ಲಿ ಬಿಡಿ. ಚುಕ್ಕಾಣಿಯಂತೆ ನಿಂತು ಬೋಟಿನ ಹಿಂಭಾಗ ಗಾಳಿಗೆ ಜಾರದಂತೆ ತಡೆಯುತ್ತದೆ.

ತಿರುವು ಇನ್ನೊಂದನ್ನೂ ಹೇಳಿಕೊಡುತ್ತದೆ, ಇದನ್ನು ದಯವಿಟ್ಟು ಗಮನಿಸಿ. ಮತ್ತೆ ಮತ್ತೆ ಒಳಬದಿಗೇ ಕಚ್ಚುತ್ತಿದ್ದರೆ ವೇಗ 0.2 ಇಳಿಸಿ. ಹೊರಬದಿಗೆ ಕಚ್ಚಿದರೆ ಅಷ್ಟೇ ಏರಿಸಿ. ಆದರೆ ಏರಿಸಿದೊಡನೆ ಮುಂದಿನ ಸೀಸದ ಲೈನ್ ಉದ್ದ ಮಾಡಲೇಬೇಕು, ಇಲ್ಲವಾದರೆ ಮೊದಲಿನ ತೊಂದರೆಗೇ ವಾಪಸ್.

ಬೊಡ್ಡೆಸಾಲು:
ಕೋನ ಅಳೆದೆ, 1.8ರಲ್ಲಿ 58 ಡಿಗ್ರಿ ಬಂತು. ವೇಗ 1.5 ಮಾಡಿ 17 ಅಡಿ ಬಿಟ್ಟ ಮೇಲೆ ಮುಂದಿನ ರಾಡ್‌ಗಳೂ ಕೆಲಸ ಮಾಡುತ್ತಿವೆ. ಈಗ ಎರಡು ಪ್ರಶ್ನೆ. ಹಿಂದಿನ ಬೈಟ್ 100 ಅಡಿಯಲ್ಲಿ ಎಷ್ಟು ಆಳದಲ್ಲಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ? ಮೊನೊ ಬದಲು ಬ್ರೇಡ್ (ಹಲವು ಎಳೆ ಹೆಣೆದ ಲೈನ್) ಹಾಕಬಹುದೇ?

ಸೀಸದಗುಂಡು:
ತಳ ಸಮತಟ್ಟಾಗಿ ಬೊಡ್ಡೆ ಇಲ್ಲದ ಜಾಗ ಹುಡುಕಿ, ಆಳ 12 ಅಡಿ ಇರಲಿ. 1.5ರಲ್ಲಿ ಹೋಗುತ್ತ 60 ಅಡಿಯಿಂದ ಶುರುಮಾಡಿ ಐದೈದು ಅಡಿ ಲೈನ್ ಬಿಡುತ್ತ ಹೋಗಿ. ಬೈಟ್ ತಳ ಕೆರೆದಾಗ ರಾಡಿನ ತುದಿ ತಟ್ಟಿ ತಟ್ಟಿ ನಿಲ್ಲುತ್ತದೆ. ಆಗ ರೀಲಿನ ಲೈನ್ ಕೌಂಟರ್ (ಬಿಟ್ಟ ಲೈನ್ ಅಳೆಯುವ ಮಾಪಕ) ತೋರಿಸುವ ಸಂಖ್ಯೆ ಬರೆದಿಟ್ಟುಕೊಳ್ಳಿ, 12 ಅಡಿಗೆ ನಿಮ್ಮ ಲೈನ್ ಅದು. ಮೊದಮೊದಲ ಅಡಿಗಳಲ್ಲೇ ಬೈಟ್ ಹೆಚ್ಚು ಇಳಿಯುತ್ತದೆ. 100 ದಾಟಿದ ಮೇಲೆ ಇನ್ನೂ 30 ಬಿಟ್ಟರೂ ಹೆಚ್ಚು ಆಳ ಸಿಗದು.

ಇನ್ನೊಂದು ಲೆಕ್ಕ ನೆನಪಿರಲಿ. 1.5 ಮೈಲಿ ವೇಗ ಎಂದರೆ ಸೆಕೆಂಡಿಗೆ 2.2 ಅಡಿ. ಮೂತಿಯ ಸೋನಾರ್‌ನಲ್ಲಿ ಕಂಡ ಮೀನಿನ ಹತ್ತಿರ ಮುಂದಿನ ಬೈಟ್ ಆಗಲೇ ಇರುತ್ತದೆ. ಹಿಂದಿನದು ಬೋಟಿನ ಉದ್ದವೂ ಸೇರಿ ಸುಮಾರು 50 ಸೆಕೆಂಡ್ ತಡವಾಗಿ ತಲುಪುತ್ತದೆ. ಗುಂಪು ಕಂಡಿತೆಂದು ತಕ್ಷಣ ತಿರುಗಿಸಿದರೆ ಹಿಂದಿನ ನಾಲ್ಕೂ ಅದನ್ನು ತಪ್ಪಿಸಿಕೊಂಡು ಹೋಗುತ್ತವೆ.

ಬಿಗಿಗಂಟು:
ಬ್ರೇಡ್ ಬೇಡ. ತೆಳ್ಳಗಿರುವುದರಿಂದ ಬೈಟ್ ಆಳಕ್ಕೆ ಹೋಗುತ್ತದೆ, ನಿಜ, ಆದರೆ ಹಿಗ್ಗುವುದಿಲ್ಲ. ಕ್ರ್ಯಾಪಿಯ ಬಾಯಿಯ ಚರ್ಮ ಕಾಗದದಷ್ಟು ತೆಳು, ರಾಡ್ ಹೋಲ್ಡರಿನಲ್ಲೇ ಹರಿದುಹೋಗುತ್ತದೆ. ಬಿಳಿ ಕ್ರ್ಯಾಪಿಯ ವಿಶ್ವದಾಖಲೆಯ ಮೀನು, 5 ಪೌಂಡ್ 3 ಔನ್ಸ್, 1957ರಲ್ಲಿ ಸಿಕ್ಕಿದ್ದು ಇದೇ ಎನಿಡ್‌ನಲ್ಲಿ; ಈ ನೀರಿನಲ್ಲಿ ದೊಡ್ಡ ಮೀನನ್ನು ಆ ಕಾರಣಕ್ಕೆ ಕಳೆದುಕೊಳ್ಳಬಾರದು. ಮೊನೊ ಸಾಕು, ರೀಲಿನ ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಡುವ ಬ್ರೇಕ್) ಸಡಿಲ ಇಡಿ.

ಅಲೆ ಜೋರಾದ ದಿನ ಮುಂದಿನ ರಾಡ್ ಎರಡಕ್ಕೆ ಇಳಿಸಿ. ಮೂತಿ ಏರಿಳಿದಂತೆ ಸೀಸವೂ ಏರಿಳಿಯುತ್ತದೆ. ಬೋಟಿನ ನಡುಭಾಗ ಕಡಿಮೆ ಕುಣಿಯುವುದರಿಂದ ಅಲ್ಲಿಂದ ಎಳೆಯುವುದೇ ವಾಸಿ. ಹೋಗುವ ಮುನ್ನ ರಾಜ್ಯದ ಮೀನುಗಾರಿಕೆ ಇಲಾಖೆಯ ಈ ವರ್ಷದ ನಿಯಮ ನೋಡಿ. ಒಬ್ಬರಿಗೆ ಎಷ್ಟು ರಾಡ್, ಮೀನು ಎಷ್ಟು ಉದ್ದ ಇರಬೇಕು ಎಂಬುದು ಜಲಾಶಯದಿಂದ ಜಲಾಶಯಕ್ಕೆ ಬೇರೆ.

ಇಷ್ಟಾದರೂ ಒಂದೇ ಲೈನ್ ಪದೇ ಪದೇ ಪಕ್ಕದ್ದಕ್ಕೆ ಸುತ್ತಿಕೊಂಡರೆ ತಪ್ಪು ಆ ಬೈಟಿನದ್ದು. ಬೋಟಿನ ಪಕ್ಕದಲ್ಲಿ ಐದಾರು ಅಡಿ ಲೈನಿನಲ್ಲಿ ನಿಮ್ಮತ್ತ ಎಳೆದು ನೋಡಿ. ಎಡಕ್ಕೆ ಸರಿದರೆ, ಬೈಟಿನ ಮೂತಿ ನಿಮ್ಮ ಕಡೆ ಇರುವಂತೆ ಹಿಡಿದು, ಲೈನ್ ಕಟ್ಟುವ ತಂತಿ ಕಣ್ಣನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಾಗಿಸಿ, ಮತ್ತೆ ಎಳೆದು ನೋಡಿ. ಕಣ್ಣನ್ನು ತಿರುಚಬೇಡಿ, ಬುಡದಲ್ಲಿ ಸಡಿಲವಾದರೆ ಆ ಬೈಟ್ ಮತ್ತೆ ನೇರ ಓಡುವುದಿಲ್ಲ.