ಎಆರ್‌ಟಿ ಸೆಂಟರ್‌ನಲ್ಲಿ ಮನಸ್ಸಿನ ಆರೈಕೆ: ಮಾಡಿ ನೋಡಿದವರು ಹೇಳಿ

ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಎಆರ್‌ಟಿ ಸೆಂಟರ್‌ನಲ್ಲಿ (ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕೇಂದ್ರ) ಕೌನ್ಸೆಲರ್, ಸೇರಿ ಎಂಟು ತಿಂಗಳಾಯಿತು. ಎಚ್‌ಐವಿ ಮಾತ್ರೆಗೆ ಬರುವವರಿಗೆಲ್ಲ ಖಿನ್ನತೆ ಇದೆಯಾ ಅಂತ ನೋಡುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಫಾರಂ ಕೇಳಿ, 10 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದವರನ್ನು ಮನೋವೈದ್ಯರ ಹತ್ತಿರ ಕಳಿಸುವ ಕೆಲಸ ಮೂರು ತಿಂಗಳ ಹಿಂದೆ ಶುರುವಾಯಿತು. ಒಂದು ದಿನದ ಟ್ರೈನಿಂಗೂ ಆಯಿತು. ಫಾರಂ ತುಂಬುತ್ತಿವೆ. ಆದರೆ 31 ಜನರಿಗೆ ಚೀಟಿ ಬರೆದುಕೊಟ್ಟರೆ ಹೋದವರು ನಾಲ್ಕೇ ಜನ. ನನ್ನಲ್ಲೇ ಏನೋ ತಪ್ಪಿದೆ ಅನ್ನಿಸುತ್ತಿದೆ. ನೀವೆಲ್ಲ ಹೇಗೆ ಮಾಡಿದಿರಿ?

ಹದಿನಾಲ್ಕು ವರ್ಷದಿಂದ ಕೌನ್ಸೆಲರ್:

ತಪ್ಪು ನಿಮ್ಮದಲ್ಲ ತಂಗಿ, ಚೀಟಿಯದು. ನಾವೂ ಹೀಗೇ ಶುರು ಮಾಡಿ ಹೀಗೇ ಸೋತಿದ್ದೆವು. ನಮ್ಮಲ್ಲಿ ಮನೋವೈದ್ಯರ ಓಪಿಡಿ ಇರುವುದು ಬೇರೆ ಬಿಲ್ಡಿಂಗ್‌ನಲ್ಲಿ. ಮತ್ತೆ ಓಪಿ ಚೀಟಿ ಮಾಡಿಸಬೇಕು, ಮತ್ತೆ ಸಾಲು, ಮತ್ತೆ ಯಾರೋ "ಏನ್ ತೊಂದ್ರೆ" ಅಂತ ಎಲ್ಲರ ಮುಂದೆ ಕೇಳುತ್ತಾರೆ. ಸಂತೆಗೆ ಹೋಗಿ ಬರುತ್ತೇನೆ ಅಂತ ಹೇಳಿ ಬೆಳಗಿನ ಬಸ್ ಹತ್ತಿದ ಹೆಂಗಸು ಮಧ್ಯಾಹ್ನದ ಬಸ್ಸಿಗೆ ಮನೆ ಸೇರಲೇಬೇಕು, ಅಲ್ವಾ? ಒಬ್ಬರು ನನ್ನನ್ನೇ ಕೇಳಿದರು: "ಒಂದು ಕಾಯಿಲೆ ಮುಚ್ಚಿಟ್ಟುಕೊಂಡೇ ಸಾಕಾಗಿದೆ ಮೇಡಂ, ಈಗ ತಲೆ ಸರಿಯಿಲ್ಲ ಅಂತ ಇನ್ನೊಂದು ಹೆಸರು ಬೇಕಾ?" ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಮನೋವೈದ್ಯರನ್ನೇ ನಮ್ಮ ಕಡೆ ಕರೆಸಿದೆವು. ತಿಂಗಳಿಗೆ ಎರಡು ಗುರುವಾರ, ಎರಡೆರಡು ಗಂಟೆ, ನನ್ನ ಪಕ್ಕದ ರೂಮಿನಲ್ಲಿ. ಇಷ್ಟಕ್ಕೆ ಏಳು ತಿಂಗಳು ಪತ್ರ ಹಿಡಿದು ಓಡಾಡಿದ್ದೇವೆ, ಹಾಗಾಗಿ ಬೇಗ ಆಗಲಿಲ್ಲ ಅಂತ ಕೈ ಬಿಡಬೇಡಿ. ಉಳಿದ ದಿನ ಯಾರಾದರೂ ತೀರಾ ಕುಗ್ಗಿದ್ದರೆ ನಾನೇ ಜೊತೆಗೆ ನಡೆದು ಹೋಗುತ್ತೇನೆ. ಹೊರಗೆ ಸಾಲು ಬೆಳೆಯುತ್ತದೆ, ಕಾಯುವವರು ಬೈಯುತ್ತಾರೆ, ಆದರೂ ಹೋಗುತ್ತೇನೆ.

ಫಾರಂ ಬಗ್ಗೆ. "ಆಸಕ್ತಿ ಕಡಿಮೆಯಾಗಿದೆಯೇ" ಅಂತ ನೇರ ಓದಿದರೆ ಹೆಚ್ಚಿನವರು ಇಲ್ಲ ಅಂದುಬಿಡುತ್ತಾರೆ. ನಮ್ಮ ಜನ ಹೇಳುವುದು ಎದೆ ಭಾರ, ನಿದ್ದೆ ಹತ್ತಲ್ಲ, ಯೋಚನೆ ಜಾಸ್ತಿ ಅಂತ. ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ 2006ರಲ್ಲಿ ಶುರು ಮಾಡಿದ ಫ್ರೆಂಡ್‌ಶಿಪ್ ಬೆಂಚ್‌ನಲ್ಲೂ ಖಿನ್ನತೆ ಅನ್ನುವ ಬದಲು ಶೋನಾ ಭಾಷೆಯ "ಕುಫುಂಗಿಸಿಸಾ" ಅಂತಾರೆ. ಅರ್ಥ ಅದೇ, ಯೋಚನೆ ಜಾಸ್ತಿ! ಟ್ರೈನಿಂಗ್ ಪಡೆದ ಅಜ್ಜಿಯರು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಮಾತಾಡಿಸುತ್ತಾರೆ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 24 ಕ್ಲಿನಿಕ್‌ಗಳ 573 ಜನರಿದ್ದರು, ಹತ್ತರಲ್ಲಿ ನಾಲ್ವರಿಗೆ ಎಚ್‌ಐವಿ ಇತ್ತು. ಮಾಮೂಲಿ ಆರೈಕೆ ಸಿಕ್ಕವರಿಗಿಂತ ಬೆಂಚಿನ ಮೇಲೆ ಕೂತವರು ಆರು ತಿಂಗಳಲ್ಲಿ ಚೆನ್ನಾಗಿ ಸುಧಾರಿಸಿದ್ದರು. ಹಾಗಂತ ನೀವು ಫಾರಂನ ಪ್ರಶ್ನೆ ಬದಲಾಯಿಸಬೇಡಿ, ಅಂಕಕ್ಕೆ ಅರ್ಥ ಇರುವುದಿಲ್ಲ. ಮೊದಲು ಎರಡು ನಿಮಿಷ ಊಟ, ನಿದ್ದೆ ಕೇಳಿ, ಆಮೇಲೆ ಫಾರಂ ತೆಗೆಯಿರಿ.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಹೌದು ಅಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅವತ್ತೇ ಡಾಕ್ಟರ್ ನೋಡಬೇಕು. ಮನೆಗೆ ಫೋನ್ ಮಾಡುವ ಮುಂಚೆ ಮನೆಯವರಿಗೆ ಏನು ಗೊತ್ತು ಅಂತ ಅವರನ್ನೇ ಕೇಳಿ. ಒಪ್ಪಿಗೆ ಇಲ್ಲದೆ ಎಚ್‌ಐವಿ ಇರುವ ವಿಷಯ ಹೊರಗೆ ಬಿಡಬಾರದು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಕೇರ್ ಕೋಆರ್ಡಿನೇಟರ್:

ನನಗೂ ಎಚ್‌ಐವಿ ಇದೆ, 2007ರಿಂದ ಮಾತ್ರೆ ತಗೊಳ್ಳುತ್ತಿದ್ದೇನೆ. ಅಕ್ಕ ಹೇಳಿದ್ದು ನಿಜ. ನಮ್ಮಲ್ಲಿ ಈಗ ತುಂಬಾ ಜನಕ್ಕೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತೇವೆ. ಕೂಲಿ ಬಿಟ್ಟು ಬರುವವರಿಗೆ ಅದು ದೊಡ್ಡ ಅನುಕೂಲ. ಆದರೆ ಮನಸ್ಸು ಕುಸಿದವರು ಅಷ್ಟು ದಿನ ನಮ್ಮ ಕಣ್ಣಿಗೇ ಬೀಳುವುದಿಲ್ಲ, ಅದಕ್ಕೆ ಫೋನ್ ಮಾಡುತ್ತೇನೆ. ಯಾವ ಹೊತ್ತಿಗೆ ಮಾಡಲಿ, ಫೋನ್ ಯಾರ ಕೈಯಲ್ಲಿರುತ್ತದೆ, ಬೇರೆಯವರು ಎತ್ತಿದರೆ ನಾನು ಯಾರು ಅಂತ ಹೇಳಲಿ, ಇಷ್ಟನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಮಾತ್ರೆ ಬಿಟ್ಟವರನ್ನು ದಯವಿಟ್ಟು ಗದರಬೇಡಿ. 2009ರಲ್ಲಿ ನಾನು ನಾಲ್ಕು ತಿಂಗಳು ಬಿಟ್ಟಿದ್ದೆ. ಮರೆತು ಬಿಟ್ಟಿದ್ದಲ್ಲ, ಬದುಕೇ ಬೇಡವಾಗಿತ್ತು. ವಾಪಸ್ ಬಂದಾಗ ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿದರು, ಬುದ್ಧಿ ಹೇಳಿದರು. ರಾತ್ರಿ ನಿದ್ದೆ ಬರುತ್ತದಾ ಅಂತ ಒಬ್ಬರೂ ಕೇಳಲಿಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯ:

ನಾವು ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗಿ ಮನೋಚೈತನ್ಯ ಕ್ಲಿನಿಕ್ ನಡೆಸುತ್ತೇವೆ. ಅಲ್ಲಿನ ಲಿಂಕ್ ಎಆರ್‌ಟಿ ಸೆಂಟರ್‌ನವರು (ದೊಡ್ಡ ಸೆಂಟರ್‌ಗೆ ಜೋಡಿಸಿದ, ಹತ್ತಿರದಲ್ಲೇ ಮಾತ್ರೆ ಕೊಡುವ ಕೇಂದ್ರ), ಬೇಕಾದವರಿಗೆ ಮಾತ್ರೆ ತಾರೀಖನ್ನೇ ಮಂಗಳವಾರಕ್ಕೆ ಹಾಕಿಕೊಟ್ಟರು. ಒಂದೇ ಬಸ್ ಚಾರ್ಜು, ಒಂದೇ ದಿನದ ಕೂಲಿ ಹೋಗುತ್ತದೆ. ಜನ ಬರತೊಡಗಿದರು.

ಔಷಧದ್ದು ಒಂದು ಎಚ್ಚರಿಕೆ. ಈಗ ಹೆಚ್ಚಿನವರು ಡೊಲುಟೆಗ್ರಾವಿರ್ ಇರುವ ಟಿಎಲ್‌ಡಿ ಅನ್ನುವ ಎಚ್‌ಐವಿ ಮಾತ್ರೆ ತಗೊಳ್ಳುತ್ತಾರೆ. ಫಿಟ್ಸ್‌ಗೂ ಮೂಡ್ ಏರುಪೇರಿಗೂ ಕೊಡುವ ಕಾರ್ಬಮಜೆಪಿನ್ ನಾವು ಬರೆದುಬಿಟ್ಟರೆ ರಕ್ತದಲ್ಲಿ ಡೊಲುಟೆಗ್ರಾವಿರ್ ಮಟ್ಟ ಇಳಿಯುತ್ತದೆ. ಕಾರ್ಬಮಜೆಪಿನ್ ಬದಲು ಬೇರೆ ಮಾತ್ರೆ ಹುಡುಕಬೇಕು, ಇಲ್ಲವೇ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಕೊಡಬೇಕು. ರೋಗಿ ಹೆದರಿ ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ, ಆದ್ದರಿಂದ ಅವರ ಒಪ್ಪಿಗೆ ಪಡೆದು ನೀವೇ ನಮಗೆ ತಿಳಿಸಿ. ನಾವಿಲ್ಲದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ. ಮತ್ತೆ, ಒಂದು ದಿನದ ಟ್ರೈನಿಂಗ್ ಸಾಲದು. ತಿಂಗಳಿಗೊಮ್ಮೆ ಒಂದು ಗಂಟೆ ನಿಮ್ಮ ಕಷ್ಟದ ಕೇಸುಗಳನ್ನು ನಮ್ಮವರ ಜೊತೆ ಕೂತು ಮಾತಾಡಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗದೆ ಉಳಿದ 27 ಜನರ ಕಾರ್ಡ್ ಈಗ ತೆಗೆದು ನೋಡಿದೆ. ಹನ್ನೊಂದು ಜನರ ತಾರೀಖು ಮಂಗಳವಾರಕ್ಕೆ ಬದಲಾಯಿಸಬಹುದು. ಒಂಬತ್ತನೇ ಪ್ರಶ್ನೆಗೆ ಹೌದು ಅಂದಿದ್ದ ಒಬ್ಬರು ಇದರಲ್ಲಿದ್ದಾರೆ, ಅವರಿಗೂ ನಾನು ಚೀಟಿ ಮಾತ್ರ ಕೊಟ್ಟಿದ್ದೆ. ಮೊದಲು ಅವರಿಗೆ ಫೋನ್ ಮಾಡುತ್ತಿದ್ದೇನೆ.